ಪೊಲೀಸ್ ನೋಂದಣಿ ಪುಸ್ತಕದಿಂದ ನೇಮಕಾತಿ ಪಟ್ಟಿಗೆ: ಕರ್ನಾಟಕದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿನ ಹೋರಾಟ

ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ 2011ರಲ್ಲಿ ಹೊಸ ಕಲಮೊಂದು ಸೇರ್ಪಡೆಯಾಯಿತು. ಅದರ ಸಂಖ್ಯೆ 36-ಎ. 'ನಪುಂಸಕರ' ಅನಪೇಕ್ಷಿತ ಚಟುವಟಿಕೆಗಳನ್ನು ತಡೆಯುವುದು, ಹತ್ತಿಕ್ಕುವುದು ಅಥವಾ ನಿಯಂತ್ರಿಸುವುದು ಅದರ ಘೋಷಿತ ಉದ್ದೇಶ. ಬಾಲಕರನ್ನು ಅಪಹರಿಸುವ, ಅವರ ಪುರುಷತ್ವವನ್ನು ಹರಣ ಮಾಡುವ ಅಥವಾ ಅಸ್ವಾಭಾವಿಕ ಅಪರಾಧಗಳನ್ನು ಎಸಗುವ ಶಂಕೆಗೆ ಒಳಗಾದ ಇಂಥ ವ್ಯಕ್ತಿಗಳ ಹೆಸರು ಮತ್ತು ವಾಸಸ್ಥಳಗಳ ನೋಂದಣಿ ಪುಸ್ತಕವನ್ನು ಇರಿಸಲು ಆದೇಶ ಹೊರಡಿಸುವ ಅಧಿಕಾರವನ್ನು ಅದು ಪೊಲೀಸ್ ಆಯುಕ್ತರಿಗೆ ನೀಡಿತು. ಪುಸ್ತಕದಲ್ಲಿ ಹೆಸರು ಸೇರಿದವರು ಯಾವ ಯಾವ ಕೆಲಸಗಳನ್ನು ಮಾಡಕೂಡದು ಎಂಬುದನ್ನೂ ಆಯುಕ್ತರೇ ನಿರ್ಧರಿಸಬಹುದಿತ್ತು. ಹೆಸರು ಸೇರಲು ಅಪರಾಧ ಸಾಬೀತಾಗಬೇಕಿರಲಿಲ್ಲ. ಶಂಕೆಯೇ ಸಾಕಿತ್ತು.

ಅದೇ ರಾಜ್ಯದ ಸರ್ಕಾರವು ಹತ್ತು ವರ್ಷಗಳ ತರುವಾಯ, 2021ರ ಜುಲೈ 6ರಂದು, ಮತ್ತೊಂದು ಅಧಿಸೂಚನೆಯನ್ನು ಹೊರಡಿಸಿತು. ಸರ್ಕಾರಿ ನೇಮಕಾತಿಗಳಲ್ಲಿ ಶೇಕಡಾ 1ರಷ್ಟು ಹುದ್ದೆಗಳನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಿಟ್ಟ ಆ ಅಧಿಸೂಚನೆಯಿಂದ ಕರ್ನಾಟಕವು ಇಂಥ ಮೀಸಲಾತಿಯನ್ನು ಜಾರಿಗೆ ತಂದ ದೇಶದ ಮೊದಲ ರಾಜ್ಯವೆನಿಸಿತು. ಈ ಬದಲಾವಣೆಗೆ ಎಡೆಮಾಡಿಕೊಟ್ಟ ಮೊಕದ್ದಮೆ ಹುಟ್ಟಿದ್ದು ಪೊಲೀಸ್ ಪೇದೆಗಳ ನೇಮಕಾತಿ ಪ್ರಕಟಣೆಯಿಂದ ಎಂಬುದು ಇಲ್ಲಿ ಗಮನಾರ್ಹ. ಶಂಕಿತರ ಪಟ್ಟಿಯಿಂದ ಪೇದೆಗಳ ಪಟ್ಟಿಯವರೆಗಿನ ಈ ಹತ್ತು ವರ್ಷಗಳ ಹಿಂದೆ ಇನ್ನೂ ಎರಡು ದಶಕಗಳ ಸಂಘಟನೆ, ಅದಕ್ಕೂ ಹಿಂದೆ ಒಂದೂವರೆ ಶತಮಾನದ ಕಾನೂನಿನ ಇತಿಹಾಸ ಇವೆ.

1871ರ ಅಚ್ಚು

36-ಎ ಕಲಮಿನ ಭಾಷೆ ಸ್ವತಂತ್ರ ಭಾರತದ ಶಾಸಕಾಂಗಕ್ಕೆ ಹೊಳೆದದ್ದಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಸಂಪೂರ್ಣವಾಗಿ 'ನಪುಂಸಕರಿಗೆ' ಸಂಬಂಧಿಸಿತ್ತು. ಹೆಸರು ನೋಂದಣಿಯಾದವರು ಸಾರ್ವಜನಿಕ ಸ್ಥಳದಲ್ಲಿ ಹೆಣ್ಣುಡುಗೆ ತೊಟ್ಟು ಕಾಣಿಸಿಕೊಳ್ಳುವುದು, ಕುಣಿಯುವುದು ಅಪರಾಧವಾಗಿತ್ತು. ಅವರು ಮಕ್ಕಳ ಪೋಷಕರಾಗುವಂತಿರಲಿಲ್ಲ, ಆಸ್ತಿಯನ್ನು ದಾನ ಕೊಡುವಂತಿರಲಿಲ್ಲ, ಉಯಿಲು ಬರೆಯುವಂತಿರಲಿಲ್ಲ. ಹೈದರಾಬಾದ್ ಸಂಸ್ಥಾನವೂ 1329 ಫಸಲಿಯಲ್ಲಿ, ಅಂದರೆ 1919ರಲ್ಲಿ, ಇದೇ ಅಚ್ಚಿನ ಕಾಯ್ದೆಯೊಂದನ್ನು ತಂದಿತು. ಅಂದಿನ ಆ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರು ಸೇರಿದ್ದವು. ಅಪರಾಧಿ ಬುಡಕಟ್ಟುಗಳೆಂಬ ಹಣೆಪಟ್ಟಿ ಸ್ವಾತಂತ್ರ್ಯಾನಂತರ ಕಡತದಿಂದ ತೆಗೆದುಹೋಯಿತು. ಹೈದರಾಬಾದಿನ ಕಾಯ್ದೆ ಮಾತ್ರ ತೆಲಂಗಾಣ ಪ್ರದೇಶದ ಕಾನೂನು ಪುಸ್ತಕದಲ್ಲಿ ಉಳಿದೇ ಇತ್ತು. ತೆಲಂಗಾಣ ಹೈಕೋರ್ಟ್ ಅದನ್ನು ಅಸಂವಿಧಾನಿಕವೆಂದು ಸಾರಿ ರದ್ದುಪಡಿಸಿದ್ದು 2023ರ ಜುಲೈನಲ್ಲಿ.

ಆ ಕಾಯ್ದೆಯನ್ನೂ 36-ಎ ಕಲಮನ್ನೂ ಒಟ್ಟಿಗಿಟ್ಟು ಓದಿದವರಿಗೆ ಹೋಲಿಕೆಯನ್ನು ಬೇರೆ ಯಾರೂ ತೋರಿಸಿಕೊಡಬೇಕಿಲ್ಲ. ಬಾಲಕರ ಅಪಹರಣ, ಪುರುಷತ್ವಹರಣ, ಅಸ್ವಾಭಾವಿಕ ಅಪರಾಧ ಎಂಬ ಮೂರು ಆರೋಪಗಳು ಎರಡರಲ್ಲೂ ಬರುತ್ತವೆ. ಮೂರನೆಯದು ಭಾರತೀಯ ದಂಡ ಸಂಹಿತೆಯ 377ನೇ ಕಲಮಿಗೆ ಬೆಸೆದುಕೊಂಡಿದ್ದ ಮಾತು. 1860ರ ಆ ಸಂಹಿತೆಯು 'ನಿಸರ್ಗಕ್ರಮಕ್ಕೆ ವಿರುದ್ಧವಾದ' ಸಂಭೋಗಕ್ಕೆ ಜೀವಾವಧಿವರೆಗೆ ಶಿಕ್ಷೆಯನ್ನು ವಿಧಿಸಿತ್ತು. ಈ ಕಲಮಿನಡಿ ನ್ಯಾಯಾಲಯಕ್ಕೆ ಬಂದ ಪ್ರಕರಣಗಳಿಗಿಂತ, ಠಾಣೆಯಲ್ಲಿ, ಉದ್ಯಾನದಲ್ಲಿ, ಬಸ್ ನಿಲ್ದಾಣದ ಹಿಂಬದಿಯಲ್ಲಿ ಅದರ ಹೆಸರು ಹೇಳಿ ಬೆದರಿಸಿ ಮುಗಿಸಿದವೇ ಹೆಚ್ಚು ಎಂಬುದು ಹೋರಾಟಗಾರರ ದೀರ್ಘಕಾಲದ ದೂರಾಗಿತ್ತು.

ಬೆಂಗಳೂರಿನ ಸಂಘಟನೆಗಳು

ಬೆಂಗಳೂರಿನಲ್ಲಿ 'ಗುಡ್ ಆ್ಯಸ್ ಯೂ' ಎಂಬ ಗುಂಪು 1994ರಲ್ಲಿ ರೂಪುಗೊಂಡಿತು. ವಾರಕ್ಕೊಮ್ಮೆ ಕಲೆತು ಮಾತನಾಡಿಕೊಳ್ಳುವ ಸಲಿಂಗಿಗಳ ಬಳಗವದು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1997ರಲ್ಲಿ ಸಲಿಂಗಿಗಳ ಹಕ್ಕುಗಳ ಕುರಿತು ವಿಚಾರ ಸಂಕಿರಣ ನಡೆಯಿತು. ಇವೆರಡೂ ಬಹುಮಟ್ಟಿಗೆ ಇಂಗ್ಲಿಷ್ ಬಲ್ಲ ನಗರವಾಸಿಗಳ ವಲಯಕ್ಕೆ ಸೀಮಿತವಾಗಿದ್ದವು. 1999ರಲ್ಲಿ ಆರಂಭವಾದ 'ಸಂಗಮ' ಸಂಸ್ಥೆಯು ಆ ವಲಯದಿಂದಾಚೆಗೆ, ಬೀದಿಯಲ್ಲಿ ಪೊಲೀಸರನ್ನು ದಿನನಿತ್ಯ ಎದುರಿಸುತ್ತಿದ್ದ ಹಿಜಡಾಗಳು, ಕೋತಿಗಳು ಮತ್ತು ಲೈಂಗಿಕ ಕಾರ್ಯಕರ್ತರ ನಡುವೆ ಕೆಲಸ ಆರಂಭಿಸಿತು. ದುಡಿಯುವ ವರ್ಗದ, ಕನ್ನಡ, ತಮಿಳು, ತೆಲುಗು, ಉರ್ದು ಮಾತನಾಡುವ ಜನರು ಈ ಚಳವಳಿಯ ಮುಂಚೂಣಿಗೆ ಬಂದದ್ದು ಕರ್ನಾಟಕದ ಹೋರಾಟಕ್ಕೆ ವಿಶಿಷ್ಟ ಸ್ವರೂಪವನ್ನು ನೀಡಿತು.

ಪಿಯುಸಿಎಲ್‌ನ ಕರ್ನಾಟಕ ಘಟಕವು 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಮಾನವ ಹಕ್ಕು ಉಲ್ಲಂಘನೆಗಳ ಕುರಿತ ಸತ್ಯಶೋಧನಾ ವರದಿಯನ್ನೂ, 2003ರಲ್ಲಿ ಬೆಂಗಳೂರಿನ ಹಿಜಡಾ ಮತ್ತು ಕೋತಿ ಲೈಂಗಿಕ ಕಾರ್ಯಕರ್ತರ ಸ್ಥಿತಿಗತಿಯ ಕುರಿತು ಇನ್ನೊಂದು ವರದಿಯನ್ನೂ ಪ್ರಕಟಿಸಿತು. ಹಿಜಡಾ ಗುರುಗಳೂ ಚೇಲಾಗಳೂ ಒಟ್ಟಿಗೆ ಬಾಳುವ ಬೆಂಗಳೂರಿನ 'ಹಮಾಮ್'ಗಳ ಲೋಕ ಹೊರಗಿನ ಓದುಗರಿಗೆ ಪರಿಚಯವಾದದ್ದು ಬಹುಪಾಲು ಈ ದಾಖಲೆಯ ಮೂಲಕ. ಅಲ್ಲಿಯವರೆಗೆ ಅಪರಾಧ ವಾರ್ತೆಯ ಅಂಕಣದಲ್ಲಿ ಮಾತ್ರ ಕಾಣಿಸುತ್ತಿದ್ದವರ ಹೇಳಿಕೆಗಳು ಮೊದಲ ಬಾರಿಗೆ ಸಾಕ್ಷ್ಯದ ರೂಪದಲ್ಲಿ ಅಚ್ಚಾದವು. ಕನ್ನಡ ಪತ್ರಿಕೆಗಳು ಆ ಕಾಲದಲ್ಲಿ ಬಳಸುತ್ತಿದ್ದ ಪದಗಳನ್ನು ಇಂದು ಯಾವ ಸುದ್ದಿಮನೆಯೂ ಅಚ್ಚು ಹಾಕಲು ಹಿಂಜರಿದೀತು. 'ಮಂಗಳಮುಖಿ', 'ಲಿಂಗತ್ವ ಅಲ್ಪಸಂಖ್ಯಾತ', 'ಲೈಂಗಿಕ ಅಲ್ಪಸಂಖ್ಯಾತ' ಎಂಬ ಪದಗಳು ಕಡತಗಳಿಗೂ ಶೀರ್ಷಿಕೆಗಳಿಗೂ ಬಂದು ನೆಲೆಯೂರಿದ್ದು ಆನಂತರ.

2008ರ ಜೂನ್ 29ರಂದು ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಪುರಭವನದವರೆಗೆ ನಡೆಯಿತು. ಗುರುತು ಮರೆಸಲು ಮುಖವಾಡ ಧರಿಸಿ ನಡೆದವರೂ ಅದರಲ್ಲಿ ಇದ್ದರು. ದೇಶದಲ್ಲಿ ಇಂಥ ಮೊದಲ ನಡಿಗೆ ನಡೆದದ್ದು ಕೋಲ್ಕತ್ತದಲ್ಲಿ, 1999ರಲ್ಲಿ. ಬೆಂಗಳೂರಿನದು ತರುವಾಯ 'ನಮ್ಮ ಪ್ರೈಡ್' ಎಂಬ ಹೆಸರಿನಲ್ಲಿ ನೆಲೆನಿಂತಿತು.

ಹುಲಿಗಿಯ ದಾರಿ

ಚಳವಳಿಯ ಇತಿಹಾಸವನ್ನು ಬೆಂಗಳೂರಿಗಷ್ಟೇ ಕಟ್ಟಿಹಾಕಿದರೆ ಉತ್ತರ ಕರ್ನಾಟಕದ ಜೋಗಪ್ಪ, ಜೋಗತಿಯರ ಪರಂಪರೆ ಕೈಬಿಟ್ಟುಹೋಗುತ್ತದೆ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಊರೂರು ತಿರುಗುವ ಇವರಿಗೆ ದೇವಿಯ ಹೆಸರಿನಲ್ಲಿ ಸಮಾಜವು ಒಂದು ಸ್ಥಾನವನ್ನು ಕೊಟ್ಟಿದೆ. ಹಿಜಡಾ ಪರಂಪರೆಯಲ್ಲಿರುವಂತೆ ಶಸ್ತ್ರಕ್ರಿಯೆ ಇಲ್ಲಿ ವಾಡಿಕೆಯಲ್ಲ. ಶುಭಕಾರ್ಯಕ್ಕೆ ಕರೆದು ಕಾಲಿಗೆರಗುವ ಮನೆಯವರೇ ತಮ್ಮ ಮನೆಯ ಹುಡುಗ ಹಾಗಾದರೆ ಹೊರಹಾಕುತ್ತಾರೆ. ಕೈಮುಗಿಯುವುದೂ ಒಪ್ಪಿಕೊಳ್ಳುವುದೂ ಬೇರೆ ಬೇರೆ ಎಂಬುದಕ್ಕೆ ಜೋಗತಿಯರ ಬದುಕಿಗಿಂತ ದೊಡ್ಡ ನಿದರ್ಶನ ಸಿಗಲಾರದು.

ಮಂಜಮ್ಮ ಜೋಗತಿ ಈ ಪರಂಪರೆಯಿಂದ ಬಂದವರು. ಬಳ್ಳಾರಿ ಜಿಲ್ಲೆಯ ಕುರುಗೋಡು ಸಮೀಪದ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಜನಿಸಿದ ಅವರಿಗೆ ಮನೆಯವರು ಹುಲಿಗಿಯಲ್ಲಿ ಮುತ್ತು ಕಟ್ಟಿಸಿದರು. ಬಳಿಕ ಮನೆ ಬಿಟ್ಟು, ಭಿಕ್ಷೆಯಿಂದ ಹೊಟ್ಟೆ ಹೊರೆದು, ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯ ಕಲಿತರು. ತಲೆಯ ಮೇಲೆ ಕೊಡವನ್ನು ಸಮತೋಲ ತಪ್ಪದೆ ಹೊತ್ತು ಕುಣಿಯುವ ಆ ಕಲೆಯನ್ನು ಗುಡಿಯಂಗಳದಿಂದ ಸರ್ಕಾರಿ ಉತ್ಸವಗಳ ವೇದಿಕೆಗೆ ತಂದವರಲ್ಲಿ ಅವರು ಪ್ರಮುಖರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ನೇಮಕಗೊಂಡು, ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತರೆನಿಸಿದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ತೆರಳಿದಾಗ, ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ತೆಗೆದು ಹರಸಿದ ದೃಶ್ಯವನ್ನು ದೇಶವೇ ಕಂಡಿತು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ಬಂದಿದೆ.

ಪುಸ್ತಕ, ರಂಗ, ಪರದೆ

ಆತ್ಮಕಥನಗಳು ಈ ಚಳವಳಿಗೆ ಒದಗಿಸಿದ ಬಲವನ್ನು ಕಡೆಗಣಿಸುವಂತಿಲ್ಲ. 'ಸಂಗಮ'ದಲ್ಲಿ ದುಡಿದ ಎ. ರೇವತಿ ಅವರ ಬದುಕಿನ ಕಥನವು ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಎಂದು ಕನ್ನಡಕ್ಕೆ ಬಂತು. ಹೆಗ್ಗೋಡಿನ 'ಜನಮನದಾಟ' ತಂಡವು ಎಂ. ಗಣೇಶ ಅವರ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ತಂದಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ ಅವಳು' ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ಘೋಷಿತವಾದ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಗೌರವ ದೊರೆಯಿತು. 'ಚೋಮನದುಡಿ'ಯ ಎಂ.ವಿ. ವಾಸುದೇವರಾವ್, 'ತಬರನ ಕಥೆ'ಯ ಚಾರುಹಾಸನ್ ಅವರ ತರುವಾಯ ಕನ್ನಡ ಚಿತ್ರಕ್ಕೆ ಈ ಗೌರವ ತಂದ ಮೂರನೆಯ ನಟ ಅವರು. ವಿಜಯ್ 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ಆ ಪಾತ್ರವನ್ನು ಸಮುದಾಯದ ಕಲಾವಿದರೇ ನಿರ್ವಹಿಸಬೇಕಿತ್ತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೆಣ್ಣುಡುಗೆಯ ಗಂಡನ್ನು ಹಾಸ್ಯಕ್ಕಷ್ಟೇ ಬಳಸುತ್ತಿದ್ದ ಚಿತ್ರರಂಗದಲ್ಲಿ ಆ ಚಿತ್ರ ಹೊಸ ಬಾಗಿಲೊಂದನ್ನು ತೆರೆದದ್ದೂ ನಿಜ.

ಸಲಿಂಗಿ ಪುರುಷನ ಒಳಬದುಕನ್ನು ಕನ್ನಡದಲ್ಲಿ ನೇರವಾಗಿ ಬರೆದ ಕೃತಿ ವಸುಧೇಂದ್ರ ಅವರ 'ಮೋಹನಸ್ವಾಮಿ'. 2013ರಲ್ಲಿ ಪ್ರಕಟವಾದ ಈ ಕಥಾ ಸಂಕಲನದೊಂದಿಗೆ ಲೇಖಕರು ತಮ್ಮ ಲೈಂಗಿಕ ಒಲವನ್ನೂ ಬಹಿರಂಗಪಡಿಸಿದರು. ಅದಾಗಲೇ ಓದುಗರ ಮೆಚ್ಚುಗೆಗೆ ಪಾತ್ರರಾಗಿದ್ದ ಲೇಖಕರೊಬ್ಬರು ಹಾಗೆ ಹೇಳಿಕೊಂಡದ್ದರಿಂದ, ಇದು ಮಹಾನಗರದ ಇಂಗ್ಲಿಷ್ ಬಲ್ಲವರ ಶೋಕಿ ಎಂಬ ವಾದದ ಕಾವು ಕಡಿಮೆಯಾಯಿತು. ಮೋಹನಸ್ವಾಮಿ ಎಂಬ ಹೆಸರಿನಲ್ಲೇ ಅದಕ್ಕೆ ಉತ್ತರವಿತ್ತು.

377: ಸೋಲು, ಗೆಲುವು

ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧವನ್ನು 377ರ ವ್ಯಾಪ್ತಿಯಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಆದರೆ ನಾಲ್ಕೇ ತಿಂಗಳಲ್ಲಿ, 2014ರ ಏಪ್ರಿಲ್ 15ರಂದು, ಅದೇ ನ್ಯಾಯಾಲಯದ ಬೇರೊಂದು ಪೀಠವು ನಾಲ್ಸಾ ಪ್ರಕರಣದಲ್ಲಿ ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಮಾನ್ಯ ಮಾಡಿ, ಅವರನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಮೀಸಲಾತಿ ನೀಡುವಂತೆ ಸೂಚಿಸಿತು. ಗುರುತಿಗೆ ಮಾನ್ಯತೆ, ಸಂಬಂಧಕ್ಕೆ ಜೈಲು ಎಂಬ ವಿಚಿತ್ರ ಸ್ಥಿತಿ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಮುಂದುವರಿಯಿತು.

ಅದನ್ನು ಬಿಡಿಸಲು ನೆರವಾದ ಮೊಕದ್ದಮೆಗೆ ಕರ್ನಾಟಕದ ನಂಟಿದೆ. ರಾಜ್ಯ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಲೈಂಗಿಕ ಒಲವು ಖಾಸಗಿತನದ ಅವಿಭಾಜ್ಯ ಅಂಗವೆಂಬುದೂ ಅದರಲ್ಲಿ ಸ್ಪಷ್ಟವಾಯಿತು. ಸರ್ಕಾರ ತನ್ನ ಪ್ರಜೆಗಳನ್ನು ಪಟ್ಟಿ ಮಾಡುವ ಬಗೆಯನ್ನು ಪ್ರಶ್ನಿಸಿದ ಅರ್ಜಿಯೊಂದು ಹೀಗೆ ಈ ಸಮುದಾಯಕ್ಕೆ ದಾರಿ ಮಾಡಿಕೊಟ್ಟಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧಮುಕ್ತಗೊಳಿಸಿತು. 377ರ ವಿರುದ್ಧ 2016ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಅವರೂ ಒಬ್ಬರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮಾನವಾದ ಕಲಮೇ ಇರಲಿಲ್ಲ. ಸಲಿಂಗ ವಿವಾಹದ ಹಕ್ಕನ್ನು ಮಾತ್ರ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮಾನ್ಯ ಮಾಡಲಿಲ್ಲ.

ಪದ ಬದಲಾಯಿತು, ಪುಸ್ತಕ ಉಳಿಯಿತು

36-ಎ ಕಲಮಿನ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತ್ತು. ನಾಲ್ಸಾ ತೀರ್ಪು ಬಂದ ಏಳು ತಿಂಗಳಿಗೆ, 2014ರ ನವೆಂಬರ್‌ನಲ್ಲಿ, ಬೆಂಗಳೂರು ಪೊಲೀಸರು ನಗರದ ವಿವಿಧೆಡೆಗಳಿಂದ ನೂರಕ್ಕೂ ಹೆಚ್ಚು ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ದರು. ಭಿಕ್ಷಾಟನೆ ತಡೆ ಅದಕ್ಕೆ ನೀಡಲಾದ ಕಾರಣ. ಪ್ರತಿಭಟನೆಗಳು ನಡೆದು ಅವರ ಬಿಡುಗಡೆಯಾಯಿತು. ಸಾಮೂಹಿಕ ಶಂಕೆಯ ರೂಢಿಯು ನಾಲ್ಸಾ ತೀರ್ಪಿನಿಂದ ಕದಲಿಲ್ಲ ಎಂಬುದು ಮಾತ್ರ ಇದರಿಂದ ಸ್ಪಷ್ಟವಾಯಿತು.

ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯು 36-ಎ ಸಂವಿಧಾನಬಾಹಿರವೆಂದು ಹೈಕೋರ್ಟ್ ಮೊರೆಹೋಯಿತು. ಅರ್ಜಿ ವಿಚಾರಣೆಯಲ್ಲಿದ್ದಾಗಲೇ, 2016ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು 'ನಪುಂಸಕರು' ಎಂಬರ್ಥದ ಪದವನ್ನು ತೆಗೆದು 'ವ್ಯಕ್ತಿಗಳು' ಎಂದು ಸೇರಿಸಿತು. 2017ರಲ್ಲಿ ಅರ್ಜಿ ಇತ್ಯರ್ಥವಾಯಿತು. ಒಂದು ಸಮುದಾಯವನ್ನು ಹೆಸರು ಹಿಡಿದು ಶಂಕಿಸುವ ಮಾತು ಕಾನೂನಿನಿಂದ ಹೋದದ್ದು ಸಣ್ಣ ಗೆಲುವಲ್ಲ. ಆದರೆ ಕಲಮು ಪೂರ್ತಿಯಾಗಿ ರದ್ದಾಗಲಿಲ್ಲ. ಹೆಸರು ಹೇಳದೆಯೂ ಯಾರ ಹೆಸರು ಬರೆದುಕೊಳ್ಳಬೇಕೆಂಬುದು ಠಾಣೆಗೆ ಗೊತ್ತಿರುತ್ತದೆ ಎಂಬ ಆತಂಕವನ್ನು ಆ ತಿದ್ದುಪಡಿ ನಿವಾರಿಸಲಿಲ್ಲ.

ಶೇಕಡಾ 1ರ ಲೆಕ್ಕ

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬೆರಡರ ಜತೆಗೆ 'ಇತರೆ' ಎಂಬ ಆಯ್ಕೆಯನ್ನು ಮೊದಲ ಬಾರಿಗೆ ನೀಡಲಾಯಿತು. ಕರ್ನಾಟಕದಲ್ಲಿ 20,266 ಮಂದಿ ಆ ಕಾಲಂನಲ್ಲಿ ದಾಖಲಾದರು. ಮನೆಗೆ ಬಂದ ಗಣತಿದಾರರ ಮುಂದೆ, ಮನೆಯವರ ಎದುರಿನಲ್ಲಿ ಹೇಳಿಕೊಂಡವರ ಸಂಖ್ಯೆಯಷ್ಟೇ ಇದು. ಅದಕ್ಕೂ ಮುನ್ನ, 2010ರಲ್ಲಿ, ಸಿ.ಎಸ್. ದ್ವಾರಕಾನಾಥ್ ಅಧ್ಯಕ್ಷತೆಯ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಈ ಸಮುದಾಯವನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಿತ್ತು. 2013ರಲ್ಲಿ 'ಮೈತ್ರಿ' ಯೋಜನೆಯಡಿ ತಿಂಗಳಿಗೆ 500 ರೂಪಾಯಿ ಮಾಸಾಶನ ಆರಂಭವಾಯಿತು. 2017ರಲ್ಲಿ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರ ಕುರಿತ ನೀತಿಯೊಂದನ್ನು ಅಂಗೀಕರಿಸಿತು. ಮಾಸಾಶನ, ನೀತಿಗಳಿಂದ ಉದ್ಯೋಗ ದೊರೆಯಲಿಲ್ಲ.

2020ರಲ್ಲಿ ವಿಶೇಷ ಮೀಸಲು ಪೊಲೀಸ್ ಪೇದೆ ಮತ್ತು ಬ್ಯಾಂಡ್ಸ್‌ಮನ್ ಹುದ್ದೆಗಳ ನೇಮಕಾತಿಗೆ ಪ್ರಕಟಣೆ ಹೊರಟಾಗ ಅರ್ಜಿ ನಮೂನೆಯಲ್ಲಿ ಪುರುಷ, ಮಹಿಳೆ ಎಂಬೆರಡೇ ಆಯ್ಕೆಗಳಿದ್ದವು. 'ಸಂಗಮ' ಸಂಸ್ಥೆ ಇದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. 'ಜೀವಾ' ಎಂಬ ಸಂಸ್ಥೆಯೂ ಪ್ರಕರಣದಲ್ಲಿ ಸೇರಿಕೊಂಡಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ನೇತೃತ್ವದ ಪೀಠದ ಮುಂದಿದ್ದ ಈ ಪ್ರಕರಣದಲ್ಲಿಯೇ ಸರ್ಕಾರವು ಸಿವಿಲ್ ಸೇವೆಗಳ ಸಾಮಾನ್ಯ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತರುವುದಾಗಿ ತಿಳಿಸಿ, ಜುಲೈ 6ರ ಅಧಿಸೂಚನೆಯನ್ನು ಹಾಜರುಪಡಿಸಿತು.

ಈ ಮೀಸಲಾತಿ 'ಸಮತಲ' ಸ್ವರೂಪದ್ದು. ಅಂದರೆ ಲಿಂಗತ್ವ ಅಲ್ಪಸಂಖ್ಯಾತರನ್ನೆಲ್ಲ ಒಂದೇ ಹಿಂದುಳಿದ ವರ್ಗವಾಗಿ ಪರಿಗಣಿಸದೆ, ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪ್ರತಿಯೊಂದು ಪ್ರವರ್ಗದೊಳಗೂ ಶೇಕಡಾ 1ನ್ನು ತೆಗೆದಿರಿಸಲಾಗುತ್ತದೆ. ಪರಿಶಿಷ್ಟ ಜಾತಿಗೆ ಸೇರಿದ ಅಭ್ಯರ್ಥಿಯು ತನ್ನ ಜಾತಿಯ ಮೀಸಲಾತಿಯನ್ನು ಕಳೆದುಕೊಳ್ಳದೆ ಇದನ್ನೂ ಪಡೆಯಬಹುದು. ಎಲ್ಲರನ್ನೂ ಒಂದೇ ವರ್ಗಕ್ಕೆ ಸೇರಿಸಿದ್ದರೆ ದಲಿತ ಅಭ್ಯರ್ಥಿಗಳು ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕಾಗುತ್ತಿತ್ತು. ಹೋರಾಟಗಾರರು ಸಮತಲ ಮೀಸಲಾತಿಗೇ ಪಟ್ಟು ಹಿಡಿದದ್ದು ಈ ಕಾರಣದಿಂದ. ಅರ್ಹ ಅಭ್ಯರ್ಥಿ ದೊರೆಯದಿದ್ದರೆ ಆ ಹುದ್ದೆಯನ್ನು ಅದೇ ಪ್ರವರ್ಗದ ಪುರುಷ ಅಥವಾ ಮಹಿಳೆಯಿಂದ ಭರ್ತಿ ಮಾಡಬಹುದೆಂದೂ ನಿಯಮ ಹೇಳಿತು. ತೊಡಕಿರುವುದು ಇಲ್ಲಿಯೇ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆದಾಗ ಈ ಸಮುದಾಯದಿಂದ ಆಯ್ಕೆ ಪಟ್ಟಿ ತಲುಪಿದವರು ಮೂವರು.

ಮೂವರೇ ಏಕೆ ಎಂಬುದಕ್ಕೆ ಉತ್ತರ ನೇಮಕಾತಿ ಇಲಾಖೆಯಲ್ಲಿಲ್ಲ, ಪ್ರೌಢಶಾಲೆಯ ತರಗತಿಯಲ್ಲಿದೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಸಹಪಾಠಿಗಳ ಅಪಹಾಸ್ಯಕ್ಕೆ, ತಂದೆಯ ಹೊಡೆತಕ್ಕೆ ಊರು ಬಿಟ್ಟವರ ಬಳಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುವುದಿಲ್ಲ. ಇದ್ದರೂ ಅದರಲ್ಲಿ ಹಳೆಯ ಹೆಸರು. ಜಾತಿ ಪ್ರಮಾಣಪತ್ರಕ್ಕೆ ಬೇಕಾದ ಕುಟುಂಬದ ದಾಖಲೆ ಕೊಡಬೇಕಾದವರು ಮನೆಯಿಂದ ಹೊರಗಟ್ಟಿದವರೇ. 2019ರ ಕೇಂದ್ರ ಕಾಯ್ದೆಯು ಗುರುತಿನ ಪ್ರಮಾಣಪತ್ರಕ್ಕಾಗಿ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಸಲ್ಲಿಸುವ ಕ್ರಮವನ್ನು ತಂದಾಗ, ತಮ್ಮ ಲಿಂಗತ್ವವನ್ನು ತಾವೇ ಘೋಷಿಸಿಕೊಳ್ಳಬಹುದೆಂಬ ನಾಲ್ಸಾ ತೀರ್ಪಿನ ಆಶಯ ಮತ್ತೆ ಸರ್ಕಾರಿ ಮೇಜಿನ ಮುಂದೆ ನಿಂತಿತು ಎಂದು ಸಮುದಾಯದವರು ಆಕ್ಷೇಪಿಸಿದ್ದರು. ಇನ್ನು ಸಲಿಂಗಿಗಳಿಗೆ ಈ ಮೀಸಲಾತಿಯಲ್ಲಿ ಪಾಲಿಲ್ಲ. 'ಲೈಂಗಿಕ ಅಲ್ಪಸಂಖ್ಯಾತರು' ಎಂಬ ಕನ್ನಡದ ಮಾತು ಎಲ್ಲರನ್ನೂ ಒಳಗೊಂಡರೂ ಕಾನೂನಿನ ಕೊಡುಗೆಗಳು ಹಾಗೆ ಹಂಚಿಕೆಯಾಗಿಲ್ಲ.

ದಾಖಲೆಗಳ ಈ ತೊಡಕು 2024ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಬಂತು. ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಒಳಗಾದವರೊಬ್ಬರು ಜನನ ಪ್ರಮಾಣಪತ್ರದಲ್ಲಿ ಹೆಸರು, ಲಿಂಗ ಬದಲಿಸಿಕೊಡುವಂತೆ ಕೋರಿದ್ದರು. ಜನನ ಮರಣ ನೋಂದಣಿ ಕಾಯ್ದೆ, 1969ರಲ್ಲಿ ನಮೂದಿನ ತಪ್ಪನ್ನು ತಿದ್ದಲು ಅವಕಾಶವಿದೆಯೇ ಹೊರತು ಇಂಥ ಬದಲಾವಣೆಗೆ ಅವಕಾಶವಿಲ್ಲವೆಂದು ಅರ್ಜಿ ತಿರಸ್ಕೃತವಾಗಿತ್ತು. ಕಾಯ್ದೆಗೆ ಸೂಕ್ತ ತಿದ್ದುಪಡಿ ಆಗುವವರೆಗೆ ಹಿಂದಿನ ಹೆಸರು ಮತ್ತು ಲಿಂಗದೊಂದಿಗೆ ಬದಲಾದ ಹೆಸರು ಮತ್ತು ಲಿಂಗವನ್ನೂ ನಮೂದಿಸಿ ಪರಿಷ್ಕೃತ ಪ್ರಮಾಣಪತ್ರ ನೀಡುವಂತೆ ನ್ಯಾಯಾಲಯವು ನೋಂದಣಾಧಿಕಾರಿಗೆ ನಿರ್ದೇಶಿಸಿತು.